ಬಿಳಿ ಬಿಎಂಪಿ, ಕರಿ ಎರಿ

"ಅಣ್ಣಾ, ಯುಎನ್‌ಗೆ ಹೋದ್ರ ಡಾಲರ್‌ನಾಗ ಪಗಾರ ಬರ್ತದಂತ, ಖರೇನಾ?"

ಅಗ್ನಿವೀರ್ ಭರ್ತಿಗೆ ಅಂತ ಬೆಳಿಗ್ಗೆ ಓಡುವ ಹುಡುಗರು ಗ್ರೌಂಡಿನಲ್ಲಿ ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಇದು. ಎರಡನೇದು, ಬಿಎಂಪಿ ಅನ್ನೋ ಯುದ್ಧಗಾಡಿಯ ಗನ್ ಎಷ್ಟು ದೂರ ಹೊಡೆಯುತ್ತದೆ ಅಂತ. ಆಮೇಲೆ ಅವರು ಓಡೋಕೆ ಹೋಗುತ್ತಾರೆ. ಆ ಗಾಡಿಯೊಳಗೆ ಕೂತವರು ದಿನವಿಡೀ ಏನು ಮಾಡುತ್ತಾರೆ ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಹಾಗಾಗಿ ಕೇಳದ ಪ್ರಶ್ನೆಗೇ ಉತ್ತರ ಬರೆಯೋಣ ಅಂತ ಕೂತಿದ್ದೇನೆ.

ನನ್ನ ಊರು ರೋಣ ತಾಲೂಕಿನಲ್ಲಿ, ಈಗ ಮನೆ ಮಾಡಿರುವುದು ಗದಗಿನಲ್ಲಿ. ಸೈನ್ಯದಲ್ಲಿ ಯುದ್ಧಗಾಡಿಯಲ್ಲಿ ಹೋಗುವ ಕಾಲಾಳು ಪಡೆ, ಅಂದರೆ ಮೆಕನೈಸ್ಡ್ ಇನ್‌ಫಂಟ್ರಿಯಲ್ಲಿದ್ದೆ, ಬಿಎಂಪಿ ಡ್ರೈವರ್. ದಕ್ಷಿಣ ಸುಡಾನ್‌ನ ವಿಶ್ವಸಂಸ್ಥೆ ಮಿಷನ್‌ನಲ್ಲಿ ಕೆಲಸ ಮಾಡಿ ಬಂದಿದ್ದೇನೆ.

ಡಾಲರ್ ಲೆಕ್ಕ ಮೊದಲು ಮುಗಿಸಿಬಿಡೋಣ. ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ ಇಷ್ಟು ಅಂತ ದೇಶಕ್ಕೆ ಕೊಡುತ್ತದೆ. 2018ರ ಜುಲೈಯಿಂದ ಅದು 1,428 ಡಾಲರ್ ಇತ್ತು, ಆಮೇಲೆ ಸ್ವಲ್ಪ ಏರಿದೆ. ಅದು ಹೋಗುವುದು ಸರ್ಕಾರಕ್ಕೆ. ಸರ್ಕಾರ ತನ್ನ ನಿಯಮದ ಪ್ರಕಾರ ನಮಗೆ ಸಂಬಳ, ಭತ್ಯೆ ಕೊಡುತ್ತದೆ. ನಾಲ್ಕು ಕಾಸು ಜಾಸ್ತಿ ಉಳಿಯುತ್ತದೆ, ಸುಳ್ಳು ಹೇಳಲ್ಲ. ಆದರೆ ಹುಡುಗರಿಗೆ ಗೊತ್ತಿಲ್ಲದ ವಿಷಯ ಏನಂದ್ರೆ, ಅಲ್ಲಿ ಗಾಡಿಗೂ ಬಾಡಿಗೆ ಇದೆ. ನಾವು ಇಲ್ಲಿಂದ ಒಯ್ದ ಒಂದೊಂದು ಬಿಎಂಪಿ, ಟ್ರಕ್, ಜನರೇಟರ್‌ಗೂ ವಿಶ್ವಸಂಸ್ಥೆ ತಿಂಗಳ ಲೆಕ್ಕದಲ್ಲಿ ದುಡ್ಡು ಕಟ್ಟುತ್ತದೆ. ಬಿಡಿಭಾಗ, ರಿಪೇರಿ ಎಲ್ಲಾ ನಮ್ಮದೇ ಆದರೆ ಅದಕ್ಕೆ ವೆಟ್ ಲೀಸ್ ಅಂತಾರೆ. ಅದರಲ್ಲಿ ಒಂದು ಷರತ್ತಿದೆ. ಒಪ್ಪಂದದಲ್ಲಿ ಬರೆದುಕೊಟ್ಟ ಗಾಡಿಗಳಲ್ಲಿ ಶೇಕಡಾ 90ರಷ್ಟಾದರೂ ಯಾವಾಗಲೂ ಓಡುವ ಸ್ಥಿತಿಯಲ್ಲಿರಬೇಕು. ಕಡಿಮೆಯಾದರೆ ಬಾಡಿಗೆ ಕಟ್.

ಇದು ಆಫೀಸಿನವರ ಲೆಕ್ಕ ಅಂತ ನಿಮಗೆ ಅನಿಸಬಹುದು. ಆದರೆ ಆ 90 ಅನ್ನೋ ಸಂಖ್ಯೆ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿದವನ ಬೆನ್ನ ಮೇಲೆ ಬಂದು ಕೂರುತ್ತದೆ.

ಗಾಡಿ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಬಿಎಂಪಿ-2 ಮೂಲತಃ ಸೋವಿಯತ್ ಗಾಡಿ. ನಮ್ಮಲ್ಲಿ ತೆಲಂಗಾಣದ ಮೇದಕ್ ಕಾರ್ಖಾನೆಯಲ್ಲಿ ಮಾಡುತ್ತಾರೆ, ಸಾರಥ್ ಅಂತ ಹೆಸರು. ತೂಕ ಸುಮಾರು 14 ಟನ್. 300 ಹಾರ್ಸ್‌ಪವರ್ ಡೀಸೆಲ್ ಎಂಜಿನ್. ಚಕ್ರದ ಬದಲು ಟ್ರ್ಯಾಕ್, ಅಂದರೆ ಕಬ್ಬಿಣದ ಪಟ್ಟಿ. ನೀರಲ್ಲೂ ಈಜುತ್ತದೆ. ಡ್ರೈವರ್ ಮುಂದೆ ಎಡಗಡೆ ಕೂರುತ್ತಾನೆ, ಅವನ ಬಲಕ್ಕೆ ಒಂದು ತಗಡಿನ ಗೋಡೆ, ಗೋಡೆಯ ಆಚೆ ಎಂಜಿನ್. ಮೇಲೆ ತಿರುಗುವ ಟರೆಟ್‌ನಲ್ಲಿ ಗನ್ನರ್ ಎಡಕ್ಕೆ, ಕಮಾಂಡರ್ ಬಲಕ್ಕೆ. ಸಿಬ್ಬಂದಿ ಅಂದರೆ ಈ ಮೂವರು. ಇವರಲ್ಲದೆ ಏಳು ಜವಾನರು ಕೂರಬಹುದು, ಒಬ್ಬ ಡ್ರೈವರ್ ಹಿಂದೆ, ಉಳಿದ ಆರು ಜನ ಹಿಂದುಗಡೆ ಬೆನ್ನಿಗೆ ಬೆನ್ನು ಕೊಟ್ಟು. ಅವರ ಬೆನ್ನುಗಳ ನಡುವೆ ಇರುವುದು ಡೀಸೆಲ್ ಟ್ಯಾಂಕ್. ಹಿಂದಿನ ಬಾಗಿಲುಗಳು ಕೂಡ ಪೊಳ್ಳು, ಅದರೊಳಗೂ ಡೀಸೆಲ್. ಇದನ್ನ ಮೊದಲ ಸಲ ಕೇಳಿದವರೆಲ್ಲ ಒಂದು ಕ್ಷಣ ಸುಮ್ಮನಾಗುತ್ತಾರೆ.

ಅಹಮದ್‌ನಗರದಲ್ಲಿ, ಈಗ ಅಹಿಲ್ಯಾನಗರ ಅಂತಾರೆ, ನಮ್ಮ ರೆಜಿಮೆಂಟ್ ಸೆಂಟರ್ ಇದೆ. ಅಲ್ಲಿ ಕಲಿಸಿದ್ದು ಯುದ್ಧಕ್ಕೆ. ಜೋರಾಗಿ ಓಡು, ತಗ್ಗಿನಲ್ಲಿ ಅಡಗು, ಹೊಡೆ, ಜಾಗ ಬದಲಿಸು. ಹಸಿರು ಬಣ್ಣ, ಮೇಲೆ ಬಲೆ, ಬಲೆಯ ಮೇಲೆ ಸೊಪ್ಪು. ಮಿಷನ್‌ಗೆ ಹೊರಟಾಗ ಅದೇ ಗಾಡಿಗೆ ಅಪ್ಪಟ ಬಿಳಿ ಬಣ್ಣ ಬಳಿದು, ಎರಡೂ ಕಡೆ ಕಪ್ಪು ಅಕ್ಷರದಲ್ಲಿ ಯುಎನ್ ಅಂತ ದೊಡ್ಡದಾಗಿ ಬರೆದರು. ಕಿಲೋಮೀಟರ್ ದೂರದಿಂದ ಕಾಣಬೇಕು, ಅದೇ ಉದ್ದೇಶ. ನೀನು ಅಡಗಬಾರದು, ಎಲ್ಲರಿಗೂ ಕಾಣಿಸುತ್ತಾ ನಿಧಾನಕ್ಕೆ ಹೋಗಬೇಕು, ಹಳ್ಳಿಯವರಿಗೆ ಧೈರ್ಯ ಬರಬೇಕು, ಬಂದೂಕು ಹಿಡಿದವನು ಎರಡು ಸಲ ಯೋಚಿಸಬೇಕು. ವರ್ಷಗಟ್ಟಲೆ ಕಲಿತಿದ್ದಕ್ಕೆ ಪೂರ್ತಿ ಉಲ್ಟಾ. ಇಂಥ ಕೆಲಸಕ್ಕೆ ಈ ಗಾಡಿ ಸರಿಯಾ? ಅರ್ಧ ಸರಿ, ಅರ್ಧ ಅಲ್ಲ. ಮಳೆಗಾಲದಲ್ಲಿ ಗಾಲಿ ಗಾಡಿಗಳೆಲ್ಲ ಕೈ ಚೆಲ್ಲಿದಾಗ ಟ್ರ್ಯಾಕ್ ಗಾಡಿಯೇ ಬೇಕು, ಅದಕ್ಕೆ ಎರಡು ಮಾತಿಲ್ಲ. ಆದರೆ ಸಂತೆಯ ನಡುವೆ ಹೋಗೋಕೆ ಮಾಡಿದ ಗಾಡಿ ಇದಲ್ಲ.

ಈಗ ಮಣ್ಣಿನ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಅಸಲಿ ಕತೆ ಇರೋದೇ ಅಲ್ಲಿ.

ದಕ್ಷಿಣ ಸುಡಾನ್ 2011ರ ಜುಲೈ 9ಕ್ಕೆ ಹುಟ್ಟಿದ ದೇಶ. ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಡಾಂಬರು ರಸ್ತೆ ಕೈಬೆರಳಲ್ಲಿ ಎಣಿಸಬಹುದು. ರಾಜಧಾನಿ ಜೂಬಾದಿಂದ ಉಗಾಂಡಾ ಗಡಿಯ ನಿಮುಲೆಗೆ 192 ಕಿಲೋಮೀಟರ್ ರಸ್ತೆ 2012ರಲ್ಲಿ ಮುಗಿದಾಗ ಅದೇ ದೊಡ್ಡ ಸುದ್ದಿ. ಉಳಿದದ್ದು ಮಣ್ಣಿನ ದಾರಿ. ಜೊಂಗ್ಲೈ ಮತ್ತು ಅಪ್ಪರ್ ನೈಲ್ ರಾಜ್ಯಗಳ ಕಡೆ ಆ ಮಣ್ಣು ಯಾವುದು ಗೊತ್ತಾ? ನಮ್ಮ ರೋಣ, ನರಗುಂದ, ನವಲಗುಂದದ ಎರಿ ಮಣ್ಣೇ. ಬ್ರೀಫಿಂಗ್‌ನಲ್ಲಿ ಅಧಿಕಾರಿ ಬ್ಲ್ಯಾಕ್ ಕಾಟನ್ ಸಾಯಿಲ್ ಅಂತ ಫೋಟೋ ತೋರಿಸಿ, ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ ಅಂತ ವಿವರಿಸುತ್ತಿದ್ದರು. ಗಢವಾಲದ ಹುಡುಗ, ಹರಿಯಾಣದ ಹುಡುಗ ಬಾಯಿಬಿಟ್ಟು ನೋಡುತ್ತಿದ್ದರು. ನನಗೆ ನಗು. ಬೆಣ್ಣೆಹಳ್ಳ ಉಕ್ಕಿದ ಮರುದಿನ ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ಹೋದವನಿಗೆ ಫೋಟೋ ಬೇಕಾ!

ನಗು ಮೇ ತಿಂಗಳವರೆಗೆ ಇತ್ತು.

ಅಲ್ಲಿ ಮಳೆ ಹೆಚ್ಚುಕಡಿಮೆ ಮೇಯಿಂದ ಅಕ್ಟೋಬರ್‌ವರೆಗೆ. ಮೊದಲ ಮಳೆಗೆ ಮೇಲಿನ ಪದರ ಮಾತ್ರ ಮೆತ್ತಗಾಗುತ್ತದೆ, ಕೆಳಗೆ ಗಟ್ಟಿ ಇರುತ್ತದೆ, ಆಗ ಟ್ರ್ಯಾಕ್ ಗಾಡಿ ಆರಾಮಾಗಿ ಹೋಗುತ್ತದೆ. ಎರಡು ವಾರ ಬಿಟ್ಟು ಅದೇ ದಾರಿಯಲ್ಲಿ ಹೋಗಿ ನೋಡಿ. ಮೇಲೆ ಹುಲ್ಲು, ನೋಡೋಕೆ ಸಪಾಟು ನೆಲ. ಹತ್ತು ಅಡಿ ಹೋಗುವಷ್ಟರಲ್ಲಿ ಎಂಜಿನ್ ಸದ್ದು ಭಾರ ಆಗುತ್ತದೆ. ಡ್ರೈವರ್‌ಗೆ ಅದು ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ, ಸೀಟು ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಆ ಹೊತ್ತಿಗೆ ಗೇರ್ ಬದಲಿಸಿದರೆ ಕೆಟ್ಟಿರಿ.

ಒಂದು ದಿನದ ಕತೆ ಹೇಳುತ್ತೇನೆ. ಪಿಬೋರ್ ಕಡೆ ಹೋಗುವ ದಾರಿಯಲ್ಲಿ ಆಹಾರದ ಟ್ರಕ್‌ಗಳಿಗೆ ಕಾವಲಾಗಿ ಹೊರಟಿದ್ದೆವು. ಮಳೆಗಾಲ ಶುರುವಾಗುವ ಮೊದಲು ಕಾಳು ಮುಟ್ಟಿಸಬೇಕು ಅಂತ ಅವಸರ, ಆದರೆ ಮಳೆ ಆ ವರ್ಷ ಬೇಗ ಬಂತು. ಮುಂದಿನ ಬಿಎಂಪಿ ಒಂದು ತಗ್ಗು ದಾಟಿತು. ನನ್ನದು ಎರಡನೇ ಗಾಡಿ. ನಮ್ಮೂರಲ್ಲಿ ಚಕ್ಕಡಿ ಹೊಡೆಯುವವರು ಎರಿಯಲ್ಲಿ ಒಬ್ಬರ ಗಾಲಿ ಜಾಡಿನಲ್ಲಿ ಇನ್ನೊಬ್ಬರು ಹೋಗಲ್ಲ, ಪಕ್ಕದಲ್ಲಿ ಹೊಸ ಜಾಡು ಹಿಡಿಯುತ್ತಾರೆ. ನಾನೂ ಹಾಗೇ ಮಾಡಬೇಕು ಅಂತ ಕಮಾಂಡರ್‌ಗೆ ಇಂಟರ್‌ಕಾಮ್‌ನಲ್ಲಿ ಹೇಳಿದೆ. ಆದರೆ ಅಲ್ಲಿ ಪಕ್ಕಕ್ಕೆ ಸರಿಯೋಕೆ ಜಾಗ ಇರಲಿಲ್ಲ, ಎಡಕ್ಕೆ ಕೆರೆ ಥರ ನೀರು, ಬಲಕ್ಕೆ ಎತ್ತರದ ಹುಲ್ಲು, ಹುಲ್ಲಿನೊಳಗೆ ಏನಿದೆ ಗೊತ್ತಿಲ್ಲ. ಅದೇ ಜಾಡಿನಲ್ಲಿ ಹೋದೆವು. ಮಧ್ಯಕ್ಕೆ ಬಂದಾಗ ಗಾಡಿ ಕೂತಿತು.

ಬಿಎಂಪಿಯ ಹೊಟ್ಟೆಗೂ ನೆಲಕ್ಕೂ ನಡುವೆ ಇರುವ ಅಂತರ 42 ಸೆಂಟಿಮೀಟರ್. ಹೊಟ್ಟೆ ನೆಲಕ್ಕೆ ತಾಗಿತು ಅಂದ್ರೆ ಟ್ರ್ಯಾಕ್ ಸುಮ್ನೆ ತಿರುಗುತ್ತದೆ, ಗಾಡಿ ಇನ್ನೂ ಕೆಳಗೆ ಹೋಗುತ್ತದೆ. ಆಗ ಡ್ರೈವರ್ ಮಾಡಬೇಕಾದದ್ದು ಒಂದೇ, ಕಾಲು ತೆಗೆಯೋದು. ಹೊಸಬ ಜೋರಾಗಿ ಎಕ್ಸಿಲರೇಟರ್ ತುಳಿಯುತ್ತಾನೆ, ಟ್ರ್ಯಾಕ್ ಕಳಚಿಕೊಳ್ಳುತ್ತದೆ. ಕೆಸರಲ್ಲಿ ಕಳಚಿದ ಟ್ರ್ಯಾಕ್ ಮತ್ತೆ ಹಾಕೋದು ಶತ್ರುಗೂ ಬೇಡ.

ಹಿಂದಿನ ಜವಾನರು ಇಳಿದರು. ಅರ್ಧ ಜನ ಹೊರಕ್ಕೆ ಮುಖ ಮಾಡಿ ಕಾವಲು. ಅರ್ಧ ಜನ ಸಲಿಕೆ ಹಿಡಿದರು, ನೀಲಿ ಹೆಲ್ಮೆಟ್, ಬುಲೆಟ್‌ಪ್ರೂಫ್ ಜಾಕೆಟ್ ಹಾಕಿಕೊಂಡೇ. ಕಮಾಂಡರ್ ಟರೆಟ್ ಬಿಟ್ಟು ಇಳಿಯುವಂತಿಲ್ಲ, ಅವನ ಕಣ್ಣು ಹುಲ್ಲಿನ ಅಂಚಿನ ಮೇಲೆ. ಗನ್ನರ್ ಸೈಟ್‌ನಿಂದ ಕಣ್ಣು ತೆಗೆಯುವಂತಿಲ್ಲ. ಆದರೆ ಎರಿ ಮಣ್ಣು ಸಲಿಕೆಯಿಂದ ಬೀಳಬೇಕಲ್ಲ! ಒಂದು ಸಲ ತೋಡು, ಮೂರು ಸಲ ಸಲಿಕೆ ಕೆರೆ. ಬೂಟಿನ ಕೆಳಗೆ ಮಣ್ಣು ಹತ್ತಿ ಒಂದೊಂದು ಕಾಲು ಒಂದೊಂದು ಮಣ. ಟ್ರ್ಯಾಕಿನ ಮುಂದೆ ಅಡ್ಡಕ್ಕೆ ಮರದ ದಿಮ್ಮಿ ಕಟ್ಟಿ, ಫಸ್ಟ್ ಗೇರ್‌ನಲ್ಲಿ ಇರುವೆ ವೇಗದಲ್ಲಿ ಟ್ರ್ಯಾಕ್ ತಿರುಗಿಸಿದರೆ ದಿಮ್ಮಿ ಕೆಳಗೆ ಹೋಗಿ ಗಾಡಿಗೆ ಹಿಡಿತ ಸಿಗಬೇಕು. ಮೊದಲ ದಿಮ್ಮಿ ಮಣ್ಣಿನಲ್ಲೇ ಮಾಯ. ಮುಂದಿನ ಬಿಎಂಪಿ ಬಂದು ಎಳೆಯಬೇಕು ಅಂದ್ರೆ ಅದೂ ಹತ್ತಿರ ಬಂದರೆ ಕೂರುತ್ತದೆ. ಎರಡು ಉಕ್ಕಿನ ಹಗ್ಗ ಜೋಡಿಸಿ, ಗಟ್ಟಿ ನೆಲದಲ್ಲಿ ಅದನ್ನು ನಿಲ್ಲಿಸಿ ಎಳೆಸಿದೆವು. ಹಗ್ಗ ಬಿಗಿಯಾದಾಗ ಸುತ್ತ ಇದ್ದವರನ್ನೆಲ್ಲ ದೂರ ಕಳಿಸಬೇಕು. ಉಕ್ಕಿನ ಹಗ್ಗ ಹರಿದು ಬೀಸಿದರೆ ಮನುಷ್ಯ ಎರಡು ತುಂಡು.

ಗಾಡಿ ಹೊರಗೆ ಬಂದಾಗ ಹೊತ್ತು ಮುಳುಗಿತ್ತು. ಕತ್ತಲಲ್ಲಿ ಮುಂದೆ ಹೋಗುವುದು ಬೇಡ ಅಂತ ಟ್ರಕ್‌ಗಳನ್ನು ನಡುವೆ ನಿಲ್ಲಿಸಿ, ಸುತ್ತ ಬಿಎಂಪಿಗಳು ಹೊರಗೆ ಮುಖ ಮಾಡಿ ನಿಂತವು. ಹೊರಗೆ ಮಲಗಿದರೆ ಸೊಳ್ಳೆ, ಹಾವು. ಒಳಗೆ ಮಲಗಿದರೆ ಕಾಲು ಚಾಚೋಕೆ ಆಗಲ್ಲ. ನಾನು ನನ್ನ ಸೀಟಿನಲ್ಲೇ ಕೂತು ಕಣ್ಣು ಮುಚ್ಚಿದೆ. ಬೆಳಗಾಗುವ ಮೊದಲು ಎದ್ದು ಟ್ರ್ಯಾಕ್, ಸ್ಪ್ರಾಕೆಟ್, ರೋಡ್ ವೀಲ್‌ಗಳ ಸಂದಿಯ ಮಣ್ಣು ತೆಗೆಯಬೇಕು. ಬಿಸಿಲು ಬಿದ್ದ ಮೇಲೆ ಅದು ಹಾರೆ ಹಾಕಿ ಒಡೆಯುವಷ್ಟು ಗಟ್ಟಿ. ಇದೂ ಊರಲ್ಲಿ ಕಲಿತದ್ದೇ, ಸೆಂಟರ್‌ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮರಳಿ ಬರುವಾಗ ನೋಡಿದ್ದು ಇನ್ನೊಂದು. ನಮ್ಮ ಟ್ರ್ಯಾಕ್‌ಗಳು ಹೋದ ಕಡೆ ಆ ಮಣ್ಣಿನ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಎರಡು ಆಳದ ಕಾಲುವೆ, ನಡುವೆ ದಿಬ್ಬ. ಮುಂದಿನ ವಾರ ಅದೇ ದಾರಿಯಲ್ಲಿ ಕಾಳಿನ ಟ್ರಕ್ ಬರಬೇಕಲ್ಲ, ಅದು ಹೇಗೆ ಬರಬೇಕು? ಜನಕ್ಕೆ ದಾರಿ ಕಾಯೋಕೆ ಬಂದವರು ದಾರಿಯನ್ನೇ ಹಾಳು ಮಾಡಿದ್ದು. ಆಮೇಲೆ ಒದ್ದೆ ರಸ್ತೆಯಲ್ಲಿ ಬಿಎಂಪಿ ಒಯ್ಯುವ ಮೊದಲು ಅಧಿಕಾರಿಗಳು ಚೆನ್ನಾಗಿ ಯೋಚನೆ ಮಾಡುತ್ತಿದ್ದರು, ಒಯ್ದರೂ ರಸ್ತೆ ಬಿಟ್ಟು ಪಕ್ಕದ ಹುಲ್ಲಿನಲ್ಲಿ ಓಡಿಸು ಅನ್ನುತ್ತಿದ್ದರು. ಪಕ್ಕದ ಹುಲ್ಲಿನಲ್ಲಿ ಹಳೇ ಯುದ್ಧದ ನೆಲಬಾಂಬ್ ಇಲ್ಲ ಅಂತ ಗೊತ್ತಿದ್ದ ಕಡೆ ಮಾತ್ರ.

ಕಾಂಗೋ ಮಿಷನ್‌ಗೆ ಹೋಗಿದ್ದ ಒಬ್ಬ ಗೆಳೆಯನದು ಬೇರೆ ಗೋಳು. ಗೋಮಾ ಪಟ್ಟಣ ನ್ಯಿರಾಗೊಂಗೊ ಜ್ವಾಲಾಮುಖಿಯ ಕೆಳಗೇ ಇದೆ, 2002ರಲ್ಲೂ 2021ರಲ್ಲೂ ಅದು ಉಗುಳಿದೆ. ಅಲ್ಲಿ ಕೆಸರಿಗಿಂತ ಲಾವಾ ಕಲ್ಲಿನ ಕಾಟ. ಟೈರು, ರಬ್ಬರ್ ಎಲ್ಲಾ ಹರಿಯುತ್ತದೆ ಅಂತಿದ್ದ. ಅದು ಅವನೇ ಬರೆಯಲಿ.

ಬೇಸಿಗೆಯಲ್ಲಿ ಕೆಸರು ಇಲ್ಲ, ಅದರ ಬದಲು ಬಿಸಿಲು. ಫೆಬ್ರವರಿ, ಮಾರ್ಚ್‌ನಲ್ಲಿ ಉಷ್ಣತೆ 40 ದಾಟುತ್ತದೆ. ಗದಗಿನ ಬಿಸಿಲು ಕಂಡವನಿಗೆ 40 ಏನೂ ಅಲ್ಲ. ಆದರೆ ಉಕ್ಕಿನ ಡಬ್ಬಿಯೊಳಗೆ, ಪಕ್ಕದಲ್ಲಿ ಓಡುವ ಎಂಜಿನ್ ಇಟ್ಟುಕೊಂಡು, ಹೆಲ್ಮೆಟ್ ಹಾಕಿ, ಹ್ಯಾಚ್ ಅಂದರೆ ತಲೆಯ ಮೇಲಿನ ಮುಚ್ಚಳ ಮುಚ್ಚಿ ಕೂತರೆ ಲೆಕ್ಕವೇ ಬೇರೆ. ಎಸಿ ಇಲ್ಲ. ಓಡುವಾಗ ಹ್ಯಾಚ್ ತೆಗೆದಿದ್ದರೆ ಗಾಳಿ ಬರುತ್ತದೆ, ಜೊತೆಗೆ ಧೂಳೂ ಬರುತ್ತದೆ. ನಿಂತಾಗ ಅದೂ ಇಲ್ಲ.

ಮತ್ತು ನಾವು ಬಹಳ ನಿಲ್ಲುತ್ತಿದ್ದೆವು. ದಾರಿಯಲ್ಲಿ ಒಂದು ಹಗ್ಗ ಕಟ್ಟಿ ನಾಲ್ಕು ಜನ ಬಂದೂಕುಧಾರಿಗಳು ನಿಂತಿರುತ್ತಾರೆ. ಅದು ಚೆಕ್‌ಪೋಸ್ಟ್. ನಮ್ಮ ಹತ್ತಿರ ಪರವಾನಗಿ ಕಾಗದ ಇರುತ್ತದೆ. ಅವರ ಕಮಾಂಡರ್ ಇಲ್ಲ, ಊಟಕ್ಕೆ ಹೋಗಿದ್ದಾನೆ, ಫೋನ್ ಸಿಗುತ್ತಿಲ್ಲ, ಕಾಯಿರಿ ಅನ್ನುತ್ತಾರೆ. 14 ಟನ್ ಗಾಡಿಗೆ ಆ ಹಗ್ಗ ಯಾವ ಲೆಕ್ಕ? ಆದರೆ ದಾಟುವಂತಿಲ್ಲ. ನಮ್ಮ ಅಧಿಕಾರಿ ಮತ್ತು ಸ್ಥಳೀಯ ಭಾಷೆಯ ಸಹಾಯಕ ಇಳಿದು ಮಾತಾಡುತ್ತಾರೆ, ಗಂಟೆಗಟ್ಟಲೆ. ನಾವು ಮೂವರು ಒಳಗೆ. ಎಂಜಿನ್ ಆಫ್ ಮಾಡಬೇಕಾ, ಓಡಿಸಬೇಕಾ ಅನ್ನೋದೂ ಒಂದು ಪ್ರಶ್ನೆ. ಆಫ್ ಮಾಡಿದರೆ ರೇಡಿಯೋ ಬ್ಯಾಟರಿ ತಿನ್ನುತ್ತದೆ, ಏನಾದರೂ ಆದರೆ ಸ್ಟಾರ್ಟ್ ಆಗುವ ಸೆಕೆಂಡುಗಳು ಬೇಕು. ಓಡಿಸಿದರೆ ಡೀಸೆಲ್, ಕಾವು, ಮತ್ತು ಆ ಸದ್ದಿಗೆ ಎದುರಿನವರ ತಲೆಯೂ ಬಿಸಿ. ಮೂತ್ರಕ್ಕೆ ಖಾಲಿ ಬಾಟಲಿ ಇಟ್ಟುಕೊಂಡಿರುತ್ತಿದ್ದೆವು. ಇದನ್ನ ಯಾಕೆ ಬರೀತೀನಿ ಅಂದ್ರೆ, ಬಾಟಲಿಗೆ ನಾಚಿಕೊಂಡು ನೀರು ಕುಡಿಯೋದು ಕಡಿಮೆ ಮಾಡಿದ ಹುಡುಗನೊಬ್ಬ ತಲೆ ಸುತ್ತಿ ಬಿದ್ದ. ಆಮೇಲೆ ಕಮಾಂಡರ್ ಪ್ರತಿ ಅರ್ಧ ಗಂಟೆಗೆ ಒಬ್ಬೊಬ್ಬರ ಹೆಸರು ಹಿಡಿದು ಕುಡಿದೆಯಾ ಅಂತ ಕೇಳುತ್ತಿದ್ದ. ಓಆರ್‌ಎಸ್ ಪುಡಿ ರುಚಿ ನನಗೆ ಈಗಲೂ ಆಗಿಬರಲ್ಲ.

ಚೆಕ್‌ಪೋಸ್ಟ್‌ನಲ್ಲಿ ಗನ್ನರ್‌ನ ಕಷ್ಟ ನಮಗಿಂತ ಜಾಸ್ತಿ. 30 ಎಂಎಂ ತೋಪು ಅವನ ಕೈಯಲ್ಲಿ. ಅದು ಎರಡು ಕಿಲೋಮೀಟರ್ ಆಚೆಯ ಗಾಡಿಯನ್ನು ಒಡೆಯೋಕೆ ಮಾಡಿದ್ದು, 20 ಅಡಿ ದೂರದಲ್ಲಿ ಸಿಗರೇಟ್ ಸೇದುತ್ತಾ ನಿಂತ ಹುಡುಗನಿಗಲ್ಲ. ನಳಿಗೆ ಅವರ ಕಡೆ ತಿರುಗಿಸಿದರೆ ಅದೇ ಜಗಳಕ್ಕೆ ಕರೆದಂತೆ. ಪೂರ್ತಿ ಬೇರೆ ಕಡೆ ತಿರುಗಿಸಿದರೆ ಬೇಕಾದಾಗ ತಡ ಆಗುತ್ತದೆ. ಸ್ವಲ್ಪ ಮೇಲಕ್ಕೆ ಎತ್ತಿ, ಸ್ವಲ್ಪ ಪಕ್ಕಕ್ಕೆ ಇಟ್ಟು, ಕೈ ಹ್ಯಾಂಡಲ್ ಮೇಲೆ ಇದೆ ಆದರೆ ಬೆರಳು ಇಲ್ಲ ಅನ್ನೋ ಹಾಗೆ ಗಂಟೆಗಟ್ಟಲೆ ಕೂರಬೇಕು. ನಮ್ಮೆಲ್ಲರ ಜೇಬಿನಲ್ಲೂ ಒಂದು ಕಾರ್ಡ್. ಯಾವಾಗ ಗುಂಡು ಹಾರಿಸಬಹುದು, ಅದಕ್ಕೆ ಮೊದಲು ಏನೇನು ಎಚ್ಚರಿಕೆ ಕೊಡಬೇಕು ಅಂತ ಬರೆದಿರುತ್ತದೆ. ನಮ್ಮ ಜೀವ ಕಾಯಲು ಹಾರಿಸಬಹುದು. ಜನರ ಜೀವಕ್ಕೆ ಕುತ್ತು ಬಂದಾಗಲೂ ಹಾರಿಸಬಹುದು, ಆ ಮಿಷನ್‌ಗೆ ಆ ಅಧಿಕಾರ ಇದೆ. ಓದೋಕೆ ಸುಲಭ. ಎದುರಿಗೆ ಇರುವವನು ಸರ್ಕಾರದ ಸೈನಿಕನಾ, ಬಂಡುಕೋರನಾ, ದನ ಕಾಯುವವನಾ ಅಂತ ಗೊತ್ತಾಗದ ಜಾಗದಲ್ಲಿ ಅದನ್ನ ಪಾಲಿಸೋದು ಮಾತ್ರ ಸುಲಭ ಅಲ್ಲ. ಅಲ್ಲಿ ದನ ಕಾಯುವವನ ಹೆಗಲ ಮೇಲೂ ಎಕೆ-47 ಇರುತ್ತದೆ, ಯಾಕಂದ್ರೆ ಅಲ್ಲಿ ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋಗೋದೇ ದೊಡ್ಡ ಜಗಳ.

ನಾವು ಹೆದರುತ್ತಿದ್ದದ್ದು ಸುಮ್ಮನೆ ಅಲ್ಲ. 2013ರ ಏಪ್ರಿಲ್ 9ರಂದು ಜೊಂಗ್ಲೈಯಲ್ಲಿ ಗುಮುರುಕ್ ಹತ್ತಿರ ಬೆಂಗಾವಲು ವಾಹನಗಳ ಮೇಲೆ ಹೊಂಚು ದಾಳಿ ಆಯಿತು. ಭಾರತದ 5 ಸೈನಿಕರು ತೀರಿಕೊಂಡರು, ಅದರಲ್ಲಿ ಒಬ್ಬರು ಲೆಫ್ಟಿನೆಂಟ್ ಕರ್ನಲ್. ಅದೇ ವರ್ಷ ಡಿಸೆಂಬರ್ 19ಕ್ಕೆ ಅಕೋಬೋದ ಸಣ್ಣ ನೆಲೆಯ ಮೇಲೆ ದೊಡ್ಡ ಗುಂಪು ನುಗ್ಗಿತು. ಒಳಗೆ ಆಶ್ರಯ ಪಡೆದ ಜನರನ್ನು ಹುಡುಕಿಕೊಂಡು ಬಂದಿದ್ದರು. ನಮ್ಮ ಇಬ್ಬರು ಸೈನಿಕರು ಪ್ರಾಣ ಬಿಟ್ಟರು. ಆ ಡಿಸೆಂಬರ್‌ನಿಂದ ಜೂಬಾ, ಬೋರ್, ಮಲಕಾಲ್, ಬೆಂಟಿಯು ನೆಲೆಗಳ ಬೇಲಿಯೊಳಗೆ ಸಾವಿರಾರು ಜನ ಬಂದು ಕೂತರು. ಹೆಂಗಸರು, ಮಕ್ಕಳು, ಕೊಡ, ಚಾಪೆ. ನೆಲೆ ಕಾಯುವುದು ಅಂದ್ರೆ ಅಲ್ಲಿಂದ ಮುಂದೆ ಊರು ಕಾಯುವುದು ಅಂತ ಆಯಿತು. ಬಿಎಂಪಿಯನ್ನು ಗೇಟಿನ ಹತ್ತಿರ ಅಡ್ಡ ನಿಲ್ಲಿಸಿ ದಿನಗಟ್ಟಲೆ ಹಗಲು ರಾತ್ರಿ ಪಾಳಿಯಲ್ಲಿ ಕೂರುವ ಕೆಲಸ ಹೆಚ್ಚಿದ್ದು ಆಗಲೇ. ಓಡಲು ಮಾಡಿದ ಗಾಡಿಯಲ್ಲಿ ನಿಂತೇ ಇರುವುದು. ಮೂವರಲ್ಲಿ ಒಬ್ಬ ಮಲಗಿದರೆ ಇಬ್ಬರು ಎಚ್ಚರ. ಆ ಹೊತ್ತಿನಲ್ಲಿ ನಿದ್ದೆಯನ್ನು ತಡೆಯೋದು ಹೇಗೆ ಅಂತ ಯಾರಾದರೂ ಸರಿಯಾದ ಉಪಾಯ ಹೇಳಿದರೆ ನನಗೂ ಹೇಳಿ. ನಾವು ಊರಿನ ಊಟದ ಬಗ್ಗೆ ಮಾತಾಡುತ್ತಿದ್ದೆವು. ಗನ್ನರ್ ತಮಿಳುನಾಡಿನವನು, ಕಮಾಂಡರ್ ಪಂಜಾಬಿನವನು. ಕಟಕ ರೊಟ್ಟಿ ತಿಂಗಳುಗಟ್ಟಲೆ ಕೆಡಲ್ಲ ಅಂದ್ರೆ ಇಬ್ಬರೂ ನಂಬಲಿಲ್ಲ. ಮನೆಯಿಂದ ತಂದಿದ್ದ ಕೊನೆಯ ಕಟ್ಟು ತೆಗೆದು ಕೈಗೆ ಕೊಟ್ಟ ಮೇಲೆ ನಂಬಿದರು.

ಇನ್ನೊಂದು ಭಯದ ಬಗ್ಗೆ ಡ್ರೈವರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಬೇರೆಯವರಿಗೆ ಹೇಳಲ್ಲ. ಮಕ್ಕಳು. ಹಳ್ಳಿಯೊಳಗೆ ಬಿಳಿ ಗಾಡಿ ಬಂತು ಅಂದ್ರೆ ಎಲ್ಲಾ ಕಡೆಯಿಂದ ಓಡಿಬರುತ್ತಾರೆ, ಕೈ ಬೀಸುತ್ತಾ, ಕೂಗುತ್ತಾ. ಹ್ಯಾಚ್ ಮುಚ್ಚಿದ್ದರೆ ನನಗೆ ಮುಂದೆ ಕಾಣುವುದು ಮೂರು ಪೆರಿಸ್ಕೋಪ್‌ನಷ್ಟೇ. ಗಾಡಿಯ ಮೂಗಿನ ಕೆಳಗೆ ಏನಿದೆ, ಬಲಕ್ಕೆ ಎಂಜಿನ್ ಕಡೆ ಯಾರಿದ್ದಾರೆ, ಏನೂ ಕಾಣಲ್ಲ. ತಲೆ ಹೊರಗೆ ಹಾಕಿ ಓಡಿಸಿದರೂ ಬಲಗಡೆ ಅರ್ಧ ಕುರುಡೇ. ಮೇಲಿನಿಂದ ಕಮಾಂಡರ್ ಹೇಳಿದ್ದೇ ಕಣ್ಣು. "ಬಾಯೇ… ಧೀರೇ… ರೋಕ್, ರೋಕ್, ರೋಕ್!" ಅಂತ ಕಿವಿಯಲ್ಲಿ ಬಂದ ತಕ್ಷಣ ಯಾಕೆ ಅಂತ ಕೇಳದೆ ನಿಲ್ಲಿಸಬೇಕು. ಜೊತೆಗೆ ಟ್ರ್ಯಾಕ್ ಗಾಡಿ ತಿರುಗುವಾಗ ಅದರ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತದೆ. ಪಕ್ಕದಲ್ಲಿ ನಿಂತ ಮಗುವಿಗೆ ಅದು ಗೊತ್ತಿರಲ್ಲ. ಅದಕ್ಕೇ ಸಂತೆಯ ಹತ್ತಿರ ಬಂದಾಗ ನಾಲ್ವರು ಜವಾನರನ್ನು ಇಳಿಸಿ ಗಾಡಿಯ ನಾಲ್ಕು ಮೂಲೆಗೆ ನಡೆಸುತ್ತಿದ್ದೆವು. ನಡಿಗೆಯ ವೇಗದಲ್ಲಿ ಹೋಗೋದು. ಕೆಲವು ಹುಡುಗರು ಹಿಂದಿನಿಂದ ಬಂದು ಬಾಗಿಲ ಹಿಡಿ ಹಿಡಿದು ನೇತಾಡುತ್ತಿದ್ದರು. ಬಿಸ್ಕತ್ತು ಎಸೆಯಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದರು, ಯಾಕಂದ್ರೆ ಅದನ್ನ ಹೆಕ್ಕೋಕೆ ಟ್ರ್ಯಾಕ್ ಮುಂದೆಯೇ ನುಗ್ಗುತ್ತಾರೆ. ಗುಂಡಿನ ಸದ್ದು ಕೇಳಿದ ದಿನ ನನಗೆ ನಿದ್ದೆ ಬಂದಿದೆ. ಸಂತೆಯೊಳಗೆ ಗಾಡಿ ಓಡಿಸಿದ ದಿನ ಬಂದಿಲ್ಲ.

ಇಷ್ಟೆಲ್ಲಾ ಮುಗಿಸಿ ಕ್ಯಾಂಪಿಗೆ ಬಂದ ಮೇಲೆ ಉಳಿದವರು ಸ್ನಾನಕ್ಕೆ ಹೋಗುತ್ತಾರೆ. ಸಿಬ್ಬಂದಿಗೆ ಲಾಸ್ಟ್ ಪರೇಡ್ ಇರುತ್ತದೆ. ಹೊರಡುವ ಮೊದಲು ಫಸ್ಟ್ ಪರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ಬಂದ ಮೇಲೆ ಲಾಸ್ಟ್ ಪರೇಡ್. ಹೆಸರು ಪರೇಡ್, ಕೆಲಸ ಗಾಡಿ ನೋಡುವುದು. ಎಣ್ಣೆ, ಕೂಲೆಂಟ್, ಟ್ರ್ಯಾಕ್ ಬಿಗಿ, ಪಿನ್, ಬ್ಯಾಟರಿ, ಏರ್ ಕ್ಲೀನರ್. ಬೇಸಿಗೆಯಲ್ಲಿ ಏರ್ ಕ್ಲೀನರ್ ತೆಗೆದು ಬಡಿದರೆ ಹೊಲದ ಅರ್ಧ ಮಣ್ಣು ಅಲ್ಲೇ. ಒಣ ಹುಲ್ಲಿನ ಕಡ್ಡಿ ಮೇಲಿನ ರೇಡಿಯೇಟರ್ ಜಾಲರಿಗೆ ಸಿಕ್ಕಿಕೊಂಡು ಎಂಜಿನ್ ಕಾಯುತ್ತದೆ, ಅದನ್ನ ಕೈಯಿಂದಲೇ ಒಂದೊಂದಾಗಿ ಕೀಳಬೇಕು. ಸೈನ್ಯದ ರಿಪೇರಿ ವಿಭಾಗವಾದ ಇಎಂಇಯ ಕ್ರಾಫ್ಟ್ಸ್‌ಮನ್‌ಗಳು ನಮ್ಮ ಜೊತೆಗೇ ಇರುತ್ತಿದ್ದರು. ಅವರ ಬಗ್ಗೆ ಯಾರೂ ಬರೆಯಲ್ಲ. ವೆಲ್ಡಿಂಗ್ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಆ 90ರ ಗೆರೆಯನ್ನು ಹಿಡಿದು ನಿಲ್ಲಿಸಿದವರು ಅವರು.

ಬಿಡಿಭಾಗದ ಕತೆ ಕೇಳಿ. ಭಾರತದಿಂದ ಹಡಗಿನಲ್ಲಿ ಕೀನ್ಯಾದ ಮೊಂಬಾಸಾ ಬಂದರಿಗೆ. ಅಲ್ಲಿಂದ ರಸ್ತೆಯಲ್ಲಿ ಉಗಾಂಡಾ ದಾಟಿ ಜೂಬಾಕ್ಕೆ. ಜೂಬಾದಿಂದ ಮಲಕಾಲ್ ಕಡೆ ಹೋಗಬೇಕಾದರೆ ಬಿಳಿ ನೈಲ್ ನದಿಯಲ್ಲಿ ಬಾರ್ಜ್ ಅಂದರೆ ಸರಕು ದೋಣಿ ಮೇಲೆ. ನದಿ ದಂಡೆಯಲ್ಲಿ ಜಗಳ ಇದ್ದರೆ ಬಾರ್ಜ್ ನಿಂತಿತು. ಇಲ್ಲಿ ಗದಗಿನಲ್ಲಿ ಟ್ರ್ಯಾಕ್ಟರ್ ಬೇರಿಂಗ್ ಹೋದರೆ ಹುಬ್ಬಳ್ಳಿಗೆ ಫೋನ್ ಹಚ್ಚಿ ಸಂಜೆ ಬಸ್ಸಿಗೆ ತರಿಸುತ್ತೀವಲ್ಲ, ಅಲ್ಲಿ ಒಂದು ಆಯಿಲ್ ಸೀಲ್‌ಗೆ ತಿಂಗಳುಗಟ್ಟಲೆ ಕಾಯಬೇಕು. ಒಂದರ ಪಾರ್ಟ್ ಬಿಚ್ಚಿ ಇನ್ನೊಂದಕ್ಕೆ ಹಾಕೋಣ ಅನಿಸುತ್ತದೆ. ನಿಯಮ ಒಪ್ಪಲ್ಲ, ಒಪ್ಪಿದರೂ ಒಂದು ಗಾಡಿ ಸತ್ತಂತೆ, ಶೇಕಡಾವಾರು ಇಳಿಯಿತು. ತಪಾಸಣೆ ತಂಡ ಮೂರು ತಿಂಗಳಿಗೊಮ್ಮೆ ಕಾಗದ ಹಿಡಿದು ಬರುತ್ತದೆ. ಸ್ಟಾರ್ಟ್ ಮಾಡು, ಮುಂದೆ ಹೋಗು, ಹಿಂದೆ ಬಾ, ಟರೆಟ್ ತಿರುಗಿಸು, ದೀಪ ಹಚ್ಚು. ಬಿಳಿ ಬಣ್ಣ ಮಾಸಿದ್ದರೆ ಅದನ್ನೂ ಬರೆದುಕೊಳ್ಳುತ್ತಾರೆ. ಕೆಸರಲ್ಲಿ ಹೊರಳಾಡಿದ ಗಾಡಿಯ ಬಣ್ಣ ಹೇಗಿರಬೇಕು ಅಂತ ಅವರ ಅಂದಾಜು, ದೇವರೇ ಬಲ್ಲ! ಆದರೆ ಒಂದು ಮಾತು ಒಪ್ಪುತ್ತೇನೆ. ಆ ತಪಾಸಣೆ ಇಲ್ಲದಿದ್ದರೆ ಅರ್ಧ ಗಾಡಿ ಕ್ಯಾಂಪಿನ ಮೂಲೆಯಲ್ಲಿ ಹುಲ್ಲು ಬೆಳೆಸಿಕೊಂಡು ನಿಂತಿರುತ್ತಿದ್ದವು. ಬೇರೆ ದೇಶದವರ ಕ್ಯಾಂಪ್‌ಗಳಲ್ಲಿ ಅಂಥವನ್ನೂ ನೋಡಿದ್ದೇನೆ.

ದೇಹಕ್ಕೆ ಏನಾಗುತ್ತದೆ ಅಂತ ಹುಡುಗರು ಕೇಳಬೇಕು, ಕೇಳಲ್ಲ. ಮಲೇರಿಯಾ ಗುಳಿಗೆ ತಪ್ಪಿಸುವಂತಿಲ್ಲ. ಸೊಂಟ ಹೋಗುತ್ತದೆ, ಬಿಎಂಪಿ ಡ್ರೈವರ್‌ಗಳಲ್ಲಿ ಸೊಂಟ ಸರಿ ಇರುವವನನ್ನು ನಾನು ಕಂಡಿಲ್ಲ. ಕಿವಿ ಮಂದ ಆಗುತ್ತದೆ. ಮನೆಯಲ್ಲಿ ಟಿವಿ ಸೌಂಡ್ ಜಾಸ್ತಿ ಇಡ್ತೀರಿ ಅಂತ ಹೆಂಡತಿಯ ತಕರಾರು. ಫೋನ್‌ನಲ್ಲಿ ಎಲ್ಲಾ ಆರಾಮ್ ಐತಿ ಅಂತ ಹೇಳಿ ಹೇಳಿ ಆ ಮಾತೇ ಬಾಯಿಪಾಠ ಆಗಿರುತ್ತದೆ.

ಹುಡುಗರಿಗೆ ಗೊತ್ತಿರಲಿ ಅಂತ ಒಂದು ಹೇಳುತ್ತೇನೆ. ಓಟ ಓಡಿ, ಒಳ್ಳೇದು. ಜೊತೆಗೆ ಊರಿನ ಗ್ಯಾರೇಜಿನಲ್ಲಿ ಕೂತು ಟ್ರ್ಯಾಕ್ಟರ್ ಎಂಜಿನ್ ಬಿಚ್ಚೋದು ನೋಡಿ. ಸೈನ್ಯದಲ್ಲಿ ಸ್ಪ್ಯಾನರ್ ಹಿಡಿಯಲು ಬರುವವನ ಹೆಸರು ಕಮಾಂಡರ್‌ಗೆ ಬೇಗ ನೆನಪಿರುತ್ತದೆ. ನಾಲ್ಕು ವರ್ಷ ಮುಗಿದು ಹೊರಗೆ ಬಂದರೂ ಅದು ಕೈಯಲ್ಲಿ ಉಳಿಯುತ್ತದೆ.

ನಾವು ವಾಪಸ್ ಬರುವಾಗ ಗಾಡಿಗಳು ನಮ್ಮ ಜೊತೆ ಬರಲಿಲ್ಲ. ಅವು ಅಲ್ಲೇ ಇರುತ್ತವೆ, ಜನ ಮಾತ್ರ ಬದಲಾಗುತ್ತಾರೆ. ಹೊಸ ಬೆಟಾಲಿಯನ್‌ನ ಡ್ರೈವರ್ ರಾಜಸ್ಥಾನದ ಹುಡುಗ, ಮರಳಿನಲ್ಲಿ ಓಡಿಸಿ ಪಳಗಿದವನು, ಎರಿ ಕಂಡವನಲ್ಲ. ಕಾಗದದ ಮೇಲೆ ಸಹಿ ಹಾಕಿದ ಮೇಲೆ ಅವನನ್ನು ಗಾಡಿಯ ಸುತ್ತ ಕರೆದುಕೊಂಡು ಹೋದೆ. ಎಡಗಡೆ ಮೂರನೇ ರೋಡ್ ವೀಲ್ ಗ್ರೀಸ್ ಉಗುಳುತ್ತದೆ, ದಿನಾ ಮುಟ್ಟಿ ನೋಡು, ಕೈ ಸುಟ್ಟರೆ ನಿಲ್ಲಿಸು. ಎರಡರಿಂದ ಮೂರನೇ ಗೇರ್ ಹಾಕುವಾಗ ಸ್ವಲ್ಪ ತಡಿ, ಅವಸರ ಮಾಡಿದರೆ ಕಿರುಚುತ್ತದೆ. ಬ್ಯಾಟರಿ ಸೋತರೆ ಗಾಳಿ ಒತ್ತಡದಿಂದ ಸ್ಟಾರ್ಟ್ ಮಾಡು, ಗಾಳಿಯ ಬಾಟಲಿ ತುಂಬಿದೆಯಾ ಅಂತ ಸಂಜೆಯೇ ನೋಡಿಕೋ. ಮಳೆ ಬಿದ್ದ ಮೇಲೆ ಮುಂದಿನವನ ಜಾಡಿನಲ್ಲಿ ಹೋಗಬೇಡ. ಅವನು ಪುಟ್ಟ ಡೈರಿಯಲ್ಲಿ ಎಲ್ಲಾ ಬರೆದುಕೊಂಡ. ಬರೆದು ಮುಗಿಸಿ, ಗನ್ ಹೇಗಿದೆ ಉಸ್ತಾದ್ ಅಂತ ಕೇಳಿದ. ಗನ್ ಚೆನ್ನಾಗಿದೆ, ಅದನ್ನ ಗನ್ನರ್‌ನ ಕೇಳು, ನೀನು ಮೊದಲು ಸಲಿಕೆ ಎಲ್ಲಿದೆ ನೋಡಿಕೋ ಅಂದೆ.